ಕಡಲ ತಳದ ಚಿನ್ನದ ಮಣಿಗಳು

ಅರಬ್ಬೀ ಸಮುದ್ರ, ಹಡಗಿನಿಂದ
11 ಮಾರ್ಚ್ 2024

ಅಕ್ಕನಿಗೆ ಓಬಳೇಶ ಬರೆಯುವುದು.

ಚೆನ್ನಾಗಿದ್ದೇನೆ. ಇದನ್ನು ಮೊದಲ ಸಾಲಿನಲ್ಲೇ ಬರೆದೆ. ಇಲ್ಲದಿದ್ದರೆ ನೀನು ಕಾಗದವನ್ನು ಹಿಂದಿನಿಂದ ಓದಲು ಶುರುಮಾಡುತ್ತೀಯ.

ಫೋನು ಯಾಕೆ ಮಾಡುವುದಿಲ್ಲ ಎಂದು ಭಾವನವರ ಹತ್ತಿರ ಬೇಸರ ಮಾಡಿಕೊಂಡೆಯಂತೆ. ಈಗ ನಾನಿರುವುದು ಹಡಗಿನ ಹೊಟ್ಟೆಯೊಳಗಿನ ಉಕ್ಕಿನ ಕೋಣೆಯಲ್ಲಿ. ಗ್ಯಾಸ್ ಲಾರಿಯ ಟ್ಯಾಂಕನ್ನು ಕೆಳಗಿಳಿಸಿ ಒಳಗೆ ಮಂಚ ಹಾಕಿದರೆ ಹೇಗಿರುತ್ತದೋ ಹಾಗೆ. ಕಡಲ ತಳದಲ್ಲಿ ನೀರು ಮೈಯನ್ನು ಎಷ್ಟು ಒತ್ತುತ್ತದೋ ಅಷ್ಟೇ ಒತ್ತಡದ ಗಾಳಿಯನ್ನು ಇದರೊಳಗೆ ತುಂಬಿದ್ದಾರೆ. ಸುಮಾರು ಒಂದು ತಿಂಗಳು ಹೊರಗೆ ಕಾಲಿಡುವಂತಿಲ್ಲ. ದಿನವೂ ಇಲ್ಲಿಂದಲೇ ಒಂದು ಗೂಡಿನೊಳಗೆ ಕುಳಿತು ತಳಕ್ಕಿಳಿಯುತ್ತೇವೆ. ಬಾವಿಯಿಂದ ಬಾವಿಗೆ ಹಾಸಿರುವ ಎಣ್ಣೆ ಕೊಳವೆಗಳನ್ನು ತಡವಿ ನೋಡಿ, ಸಡಿಲವಾದದ್ದನ್ನು ಬಿಗಿದು, ಮತ್ತೆ ಗೂಡು ಹತ್ತಿ ಬರುತ್ತೇವೆ. ಉಸಿರಾಡುವ ಗಾಳಿಗೆ ಹೀಲಿಯಂ ಬೆರೆಸಿರುವುದರಿಂದ ನಮ್ಮೆಲ್ಲರ ದನಿ ಬಾತುಕೋಳಿಯ ದನಿಯಾಗಿದೆ. ನನ್ನ ಜೊತೆಗಾರ, ಮಾಲ್ವಣದ ದತ್ತಾರಾಮ, ಮಗಳ ಜೊತೆ ಫೋನಿನಲ್ಲಿ ಮಾತಾಡಿದ. ಆ ಮಗು ನಕ್ಕು ನಕ್ಕು ಕೊನೆಗೆ ಹೆದರಿ ಅತ್ತುಬಿಟ್ಟಿತು. ನಿನ್ನನ್ನು ಅಳಿಸಲು ನನಗಿಷ್ಟವಿಲ್ಲ. ಅದಕ್ಕೇ ಕಾಗದ. ಊಟ ಬರುವ ಪುಟ್ಟ ಕಿಂಡಿಯಿಂದಲೇ ಇದು ಹೊರಗೆ ಹೋಗಿ, ಸಾಮಾನು ತರುವ ದೋಣಿಯಲ್ಲಿ ಮುಂಬೈ ಸೇರುತ್ತದೆ.

ತಳ ಹೇಗಿರುತ್ತದೆ ಎಂದು ಪ್ರತಿ ಸಲ ಕೇಳುತ್ತೀಯ. ಅಲ್ಲಿ ಹಗಲೂ ಇಲ್ಲ, ಇರುಳೂ ಇಲ್ಲ. ತಲೆಯ ದೀಪ ಹಾಕಿದರೆ ಆ ಬೆಳಕಿನಲ್ಲಿ ಬಿಳಿ ಪುಡಿ ಇಳಿಯುತ್ತಿರುತ್ತದೆ. ಮೇಲಿನ ಕಡಲಿನಲ್ಲಿ ಸತ್ತ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳ ಪುಡಿಯಂತೆ ಅದು. ಕಣದಲ್ಲಿ ರಾಗಿ ತೂರಿದಾಗ ಹೊಟ್ಟು ಗಾಳಿಯಲ್ಲಿ ನಿಂತು, ಯೋಚನೆ ಮಾಡಿ, ಆಮೇಲೆ ಕೂರುತ್ತದಲ್ಲ, ಹಾಗೆಯೇ. ಬೆನ್ನಿಗೊಂದು ದಪ್ಪ ಹಗ್ಗ. ಉಸಿರು, ಬಿಸಿನೀರು, ಮಾತು, ಎಲ್ಲವೂ ಅದರೊಳಗೇ ಹರಿದು ಬರುತ್ತವೆ. ನಾವು ಅದನ್ನು ಹೊಕ್ಕುಳಬಳ್ಳಿ ಎನ್ನುತ್ತೇವೆ.

ನಿನ್ನೆ ಕೊಳವೆಯ ಮೇಲೆ ಕೈಯಿಟ್ಟು ಸುಮ್ಮನೆ ತೇಲುತ್ತಿದ್ದಾಗ, ಮಾರಿಕಣಿವೆಯ ಹಿನ್ನೀರಿನಲ್ಲಿ ನೀನು ನನ್ನನ್ನು ಮೊದಲ ಸಲ ನೀರಿಗೆ ದೂಡಿದ್ದು ನೆನಪಾಯಿತು. "ಕೈ ಬಡೀಬ್ಯಾಡ ಕಣೋ, ನೀರಿನ ಮ್ಯಾಲೆ ಮಲಕ್ಕ, ಅದೇ ಹೊತ್ಕಂತೈತೆ" ಅಂದಿದ್ದೆ. ಊರಿನ ಗಂಡಸರಲ್ಲೂ ನಿನ್ನಂತೆ ಈಜುವವರಿರಲಿಲ್ಲ. ನೌಕಾಪಡೆಗೆ ಸೇರಬೇಕಾದವಳು ನೀನು, ಸೇರಿದ್ದು ನಾನು, ಅದನ್ನು ಬಿಟ್ಟು ಈ ಗುತ್ತಿಗೆ ಕೆಲಸಕ್ಕೆ ಬಂದವನೂ ನಾನೇ.

ಓಬಳೇಶ

•

ಮಾರಿಕಣಿವೆ
2 ಏಪ್ರಿಲ್ 2024

ಓಬಳೇಶ,

ನಿನ್ನ ಕಾಗದವನ್ನು ಅಂಗನವಾಡಿಯಲ್ಲಿ ಮಕ್ಕಳಿಗೆ ಓದಿ ಹೇಳಿದೆ. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರೂ ಕುಳಿತುಬಿಟ್ಟರು. ಮನೆಗೆ ಬಂದು ಅತ್ತೆಗೂ ಓದಿದೆ. ಹುಲಿಗೆಮ್ಮತ್ತೆ ಎಲ್ಲ ಕೇಳಿ, ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದು, "ಅದೆಲ್ಲಾ ಸರಿ ಕಣೇ, ಆ ಕತ್ತಲಾಗೆ ಒಂದಕ್ಕೆ ಬಂದ್ರೆ ಹುಡ್ಗ ಎಲ್ಲಿಗೋಗ್ತಾನೆ? ಕೇಳಿ ಬರಿ" ಎಂದರು. ಬರೆದಿದ್ದೇನೆ, ಉತ್ತರ ಕೊಡು.

ಇಲ್ಲಿ ಬಿಸಿಲು ಈ ವರ್ಷ ಬೇರೆಯೇ ಥರ ಇದೆ. ಬಿಸಿಲಲ್ಲ, ಯಾರೋ ಒಲೆಯ ಬಾಯಿಯನ್ನು ನಮ್ಮ ಕಡೆ ತಿರುಗಿಸಿಟ್ಟಂತೆ. ಅಣೆಕಟ್ಟಿನಲ್ಲಿ ನೀರಿದೆ, ಆದರೆ ಅಂಚಿನಲ್ಲಿ ನೀರು ಕಾದು ಮೀನುಗಳು ಬಾಯಿ ತೆರೆದು ಮೇಲೆ ಬರುತ್ತಿವೆ. ಮಕ್ಕಳನ್ನು ಮಧ್ಯಾಹ್ನಕ್ಕೇ ಮನೆಗೆ ಕಳಿಸುತ್ತಿದ್ದೇನೆ.

ಒಂದು ವಿಷಯ ಗೊತ್ತೇನೋ? ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟಂಥ ಕಲ್ಲುಗಳಿವೆಯಲ್ಲ, ಚಿಕ್ಕವರಿದ್ದಾಗ ಹತ್ತಿ ಜಾರುತ್ತಿದ್ದೆವಲ್ಲ, ಅವು ಕಡಲಿನ ತಳದಲ್ಲಿ ಬೆಂಕಿ ಉಕ್ಕಿ ಹೆಪ್ಪುಗಟ್ಟಿ ಆದವಂತೆ. ಕೋಟಿಗಟ್ಟಲೆ ವರ್ಷದ ಹಿಂದೆ ನಮ್ಮೂರೇ ಕಡಲಾಗಿತ್ತಂತೆ. ಅಂದಿನಿಂದ ಹೊಲದ ಬದುವಿನಲ್ಲಿ ನಡೆಯುವಾಗಲೂ ತಲೆಯ ಮೇಲೆ ನೀರಿದೆ ಅನ್ನಿಸುತ್ತದೆ. ನೀನು ಅಲ್ಲಿ, ನಾನು ಇಲ್ಲಿ, ಇಬ್ಬರೂ ತಳದಲ್ಲೇ ಇದ್ದೇವೆ.

ನನಗೆ ಮೂವತ್ತೊಂಬತ್ತಾಯಿತು, ಇನ್ನೂ ಕಡಲು ನೋಡಿಲ್ಲ. ನೋಡುವುದೆಲ್ಲ ನಿನ್ನ ಅಕ್ಷರದಲ್ಲೇ. ಬರೀ ಕತ್ತಲು, ಪುಡಿ ಎಂದು ಬರೆದರೆ ಮಕ್ಕಳಿಗೆ ಏನು ಹೇಳಲಿ? ಸ್ವಲ್ಪ ಬಣ್ಣ ಬರೆಯೋ.

ಚಂದ್ರಕ್ಕ

•

ಹಡಗಿನಿಂದ
21 ಏಪ್ರಿಲ್ 2024

ಅಕ್ಕ,

ಅತ್ತೆಗೆ ಹೇಳು, ಅದಕ್ಕೂ ವ್ಯವಸ್ಥೆ ಇದೆ, ಹೇಗೆಂದು ಮಕ್ಕಳ ಮುಂದೆ ಓದುವ ಕಾಗದದಲ್ಲಿ ಬರೆಯಲಾರೆ.

ನಿನಗೆ ಬಣ್ಣ ಬೇಕಲ್ಲವೇ, ಕೇಳು. ಉಕ್ಕಿನ ಕೋಣೆಗೆ ಮತ್ತೆ ಹೋಗುವ ಮೊದಲು ಎರಡು ದಿನ ಆಳವಿಲ್ಲದ ಕಡೆ ಕೆಲಸವಿತ್ತು. ಅಲ್ಲಿ ನೀರಿನೊಳಗೊಂದು ದಿಬ್ಬ. ಬಿಸಿಲು ಅಲ್ಲಿಗೆ ಹಸಿರಾಗಿ ಇಳಿಯುತ್ತದೆ. ದಿಬ್ಬದ ತುಂಬ ಹವಳದ ಗಿಡಗಳು. ಹೋದ ವರ್ಷ ನೋಡಿದಾಗ ಕಂದು, ನೇರಳೆ, ಹಳದಿ ಇದ್ದವು. ಈ ಸಲ ಎಲ್ಲವೂ ಬೆಳ್ಳಗೆ. ಒಂದು ಕೊಂಬೆ ಬಿಡದೆ ಬಿಳಿ. ಬಯಲು ತುಂಬ ಹತ್ತಿ ಒಡೆದು ಬೆಳದಿಂಗಳು ಬಿದ್ದಂತಿತ್ತು. ನೀರು ಕೂಡ ಬೆಚ್ಚಗಿತ್ತು, ಹಂಡೆಯಿಂದ ಆಗತಾನೇ ತೋಡಿದಂತೆ. ಆ ಬಿಳಿ ತೋಟದ ಮಧ್ಯೆ ತೇಲುತ್ತ ನನಗೆ ಯಾವುದೋ ನಿದ್ದೆಯೊಳಗೆ ಹೋದಂತಾಯಿತು. ಅಲ್ಲಿ ಸದ್ದೇ ಇರಲಿಲ್ಲ. ಮೊದಲು ಅಲ್ಲಿ ಮೀನುಗಳು ಹವಳ ಕಡಿಯುವ ಚಿಟಚಿಟ ಸದ್ದು ಬರುತ್ತಿತ್ತು.

ಆಮೇಲೆ ಆಳಕ್ಕಿಳಿದಾಗ ಇನ್ನೊಂದು ಕಂಡೆ. ಎರಡು ಕೊಳವೆ ಸೇರುವ ಮೂಲೆಯಲ್ಲಿ ಮರಳಿನಿಂದ ಮಣಿಗಳು ಹುಟ್ಟುತ್ತಿದ್ದವು. ಒಂದು, ಅದರ ಹಿಂದೆ ಇನ್ನೊಂದು. ದೀಪ ಹಿಡಿದರೆ ಜೇನಿನ ಬಣ್ಣ, ಚಿನ್ನದ ಬಣ್ಣ. ಅವು ಅವಸರವಿಲ್ಲದೆ ಮೇಲಕ್ಕೆ, ನನ್ನ ಕಣ್ಣಿನ ಮುಂದಿನಿಂದ ಹಾದು, ಕತ್ತಲೊಳಗೆ ಏರಿ ಹೋದವು. ಯಾರೋ ಮುತ್ತಿನ ಸರ ಕಿತ್ತು ತಲೆಕೆಳಗಾಗಿ ಚೆಲ್ಲಿದಂತೆ. ಎಷ್ಟು ಹೊತ್ತು ನೋಡುತ್ತಿದ್ದೆನೋ ತಿಳಿಯಲಿಲ್ಲ. ದತ್ತಾರಾಮನೂ ನೋಡಿದ. ಆ ದಿನ ಅವನು ಊಟ ಮಾಡಲಿಲ್ಲ.

ಮಕ್ಕಳಿಗೆ ಇಷ್ಟು ಬಣ್ಣ ಸಾಕೇ?

ಓಬಳೇಶ

•

ಮಾರಿಕಣಿವೆ
9 ಮೇ 2024

ನನ್ನ ತಮ್ಮ,

ಸಾಕೇ ಎಂದು ಕೇಳುತ್ತೀಯಲ್ಲ! ಮಕ್ಕಳು ಸ್ಲೇಟಿನ ಮೇಲೆಲ್ಲ ಬಿಳಿ ಗಿಡ ಬರೆದಿದ್ದಾರೆ. ಕಪ್ಪು ಸ್ಲೇಟು, ಬಿಳಿ ಬಳಪ, ಅದಕ್ಕೇ ಹೇಳಿ ಮಾಡಿಸಿದಂತಿದೆ. ನಮ್ಮ ಚೌಡೇಶ್ವರಿ ಎಂಬ ಪುಟಾಣಿ ಮಣಿಗಳಿಗೆ ಹಳದಿ ಬೇಕೆಂದು ಹಟ ಮಾಡಿ ಅರಿಶಿನ ತಂದು ಒತ್ತಿದಳು. ನಿಮ್ಮ ಭಾವನವರು ಕಾಗದ ಓದಿ, "ನಿನ್ ತಮ್ಮ ಕೆಲ್ಸ ಮಾಡ್ತಾವ್ನೋ, ಕನಸು ಕಾಣ್ತಾ ಕುಂತವ್ನೋ?" ಎಂದು ನಕ್ಕರು. ಆದರೆ ಎರಡನೇ ಸಲ ಓದಿದರು, ನಾನು ನೋಡಿದೆ.

ದತ್ತಾರಾಮ ಯಾಕೆ ಊಟ ಮಾಡಲಿಲ್ಲ? ಮಗಳ ನೆನಪಾಗಿರಬೇಕು, ಪಾಪ. ಅಂಥ ಚೆಂದವನ್ನು ನೋಡಿದಾಗ ನಮ್ಮವರು ಪಕ್ಕದಲ್ಲಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಒಂದು ಕೇಳಬೇಕು. ಆ ಮಣಿಗಳು ಮೇಲಕ್ಕೆ ಹೋಗುತ್ತವಲ್ಲ, ಆಮೇಲೆ ಎಲ್ಲಿಗೆ ಹೋಗುತ್ತವೆ? ಚೌಡೇಶ್ವರಿ ಕೇಳಿದಳು, ನನಗೆ ಗೊತ್ತಾಗಲಿಲ್ಲ. ಬರೆ.

ನನ್ನ ಹತ್ತಿರವೂ ಒಂದು ಗುಟ್ಟಿದೆ. ಈಗ ಹೇಳುವುದಿಲ್ಲ. ಮಳೆಗಾಲಕ್ಕೆ ನೀನು ರಜೆಯಲ್ಲಿ ಬಂದಾಗ ಹೇಳುತ್ತೇನೆ, ಆಗ ನಿನ್ನ ಮುಖ ನೋಡಬೇಕು ನನಗೆ.

ಅಕ್ಕ

•

ಮುಂಬೈ
14 ಜೂನ್ 2024

ಅಕ್ಕ,

ಕಡಲು ಎದ್ದಿದೆ. ಕೆಲಸ ನಿಲ್ಲಿಸಿ ದಡಕ್ಕೆ ಬಂದಿದ್ದೇವೆ. ಈ ಸಲ ಊರಿಗೆ ಬರಲಾಗುತ್ತಿಲ್ಲ, ಇಲ್ಲೇ ಒಂದು ತರಬೇತಿ ಇದೆ. ನಿನ್ನ ಗುಟ್ಟಿನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು. ಅದಕ್ಕೆ ಕೋಪವೇ? ಮೂರು ಸಲ ಫೋನು ಮಾಡಿದೆ, ಎತ್ತಲಿಲ್ಲ. ಮಕ್ಕಳು ಹೇಗಿದ್ದಾರೆ?

ಓಬಳೇಶ

•

ಮುಂಬೈ
8 ಜುಲೈ 2024

ಅಕ್ಕ,

ಭಾವನವರಿಗೆ ಫೋನು ಮಾಡಿದ್ದೆ. "ಚೆನ್ನಾಗವಳೆ ಕಣಪ್ಪ, ಅಂಗನವಾಡಿಗೂ ಹೋಗ್ತಾವಳೆ. ಕೂದ್ಲು ಮಾತ್ರ ಗಿಡ್ಡ ಮಾಡಿಸ್ಕಂಡವಳೆ. ಯಾಕಂತ ನೀನೇ ಕೇಳು" ಎಂದರು. ಆಮೇಲೆ ನಿದ್ದೆ ಬರಲಿಲ್ಲ. ಮಂಡಿಯವರೆಗೆ ಬರುತ್ತಿದ್ದ ಕೂದಲು ನಿನ್ನದು. ಆಸ್ಪತ್ರೆಗೇನಾದರೂ ತೋರಿಸಿದೆಯಾ? ದೊಡ್ಡ ಕಾಯಿಲೆಯೇನಾದರೂ ನನ್ನಿಂದ ಮುಚ್ಚಿಡುತ್ತಿದ್ದೀಯಾ? ಏನೇ ಇದ್ದರೂ ನಾನಿದ್ದೇನೆ. ಒಂದು ಸಾಲು ಬರೆ, ಆ ದಿನವೇ ಬಸ್ಸು ಹತ್ತುತ್ತೇನೆ.

ಓಬಳೇಶ

•

ಮಾರಿಕಣಿವೆ
20 ಜುಲೈ 2024

ಓಬಳೇಶ,

ಕಾಯಿಲೆ ಏನೂ ಇಲ್ಲ. ಬಸ್ಸು ಹತ್ತಬೇಡ.

ನನ್ನ ಗುಟ್ಟು ಇಷ್ಟೇ. ಮೇ ತಿಂಗಳ ಕೊನೆಯಲ್ಲಿ ನಮ್ಮ ಮಹಿಳಾ ಸಂಘದವರು ಒಂದು ಬಸ್ಸು ಮಾಡಿಕೊಂಡು ಹೊನ್ನಾವರದ ಕಡೆ ಹೋದರು, ನಾನೂ ಹೋದೆ. ಮೊದಲು ಕಡಲು ನೋಡಿ, ಆಮೇಲೆ ನಿನಗೆ ಹೇಳಿ ಬೆರಗು ಮಾಡಬೇಕೆಂದಿದ್ದೆ.

ಬೆಳಗಿನ ಹೊತ್ತು. ಬಸ್ಸಿಳಿದು ಗಾಳಿಮರಗಳ ಸಾಲು ದಾಟಿದೆ, ಎದುರಿಗೆ ಅದು. ನೀನು ಎಷ್ಟು ಬರೆದಿದ್ದರೂ ಅದು ಉಸಿರಾಡುತ್ತದೆ ಎಂದು ಯಾಕೆ ಬರೆಯಲಿಲ್ಲ? ನಾನು ಅಲ್ಲೇ ನಿಂತು ಅತ್ತೆ. ಸಂಘದ ಸುಪ್ರಿಯಾ, "ಏನ್ ಟೀಚರ್, ತೌರುಮನೆ ಕಂಡಂಗೆ ಅಳ್ತೀರಲ್ರೀ" ಎಂದಳು. ಎಲ್ಲರೂ ಕಾಲು ಒದ್ದೆ ಮಾಡಿಕೊಳ್ಳುತ್ತಿದ್ದರು. ನಾನು ಸೆರಗು ಸಿಕ್ಕಿಸಿ ಓಡಿ ನೀರಿಗೆ ಬಿದ್ದುಬಿಟ್ಟೆ. ಎಷ್ಟೋ ವರ್ಷದ ಮೇಲೆ ಈಜಿದೆ ಕಣೋ. ಅಲೆಯ ಆಚೆ ಹೋಗಿ ಅಂಗಾತ ಮಲಗಿದೆ. ನೀರು ಹೊತ್ತುಕೊಂಡಿತು. ಕಣ್ಣು ಮುಚ್ಚಿದರೆ ನಿನ್ನ ಬಿಳಿ ತೋಟ ನನ್ನ ಬೆನ್ನಿನ ಕೆಳಗೇ ಇದೆ ಅನ್ನಿಸಿತು.

ದಡಕ್ಕೆ ಬಂದಾಗ ಹೆಂಗಸರು ನಗುವುದನ್ನು ನಿಲ್ಲಿಸಿದರು. ಕೈ, ಕತ್ತು, ಸೀರೆ, ಎಲ್ಲ ಕಡೆ ಕಪ್ಪು ಮೆತ್ತಿತ್ತು. ರಸ್ತೆಗೆ ಹಾಕುವ ಡಾಂಬರಿನಂಥದ್ದು, ಆದರೆ ಹಸಿ. ಜಡೆಯೊಳಗೆ ಗಂಟು ಗಂಟಾಗಿ ಸೇರಿಕೊಂಡಿತ್ತು. ಆಮೇಲೆ ಕಣ್ಣಿಗೆ ಬಿತ್ತು, ಮರಳಿನ ಮೇಲೆ ಉದ್ದಕ್ಕೂ ಕಪ್ಪು ಉಂಡೆಗಳು, ಅಲೆ ಬಂದಲ್ಲೆಲ್ಲ ಕಪ್ಪು ಗೆರೆ. ಸೋಪಿಗೆ ಹೋಗಲಿಲ್ಲ. ಅಲ್ಲಿ ಮೀನು ಒಣಹಾಕಿದ್ದ ಹೆಂಗಸೊಬ್ಬಳು ಕರೆದು ಕೂರಿಸಿ, ತೆಂಗಿನೆಣ್ಣೆ ತಂದು ನನ್ನ ಕೈಕಾಲು ತಿಕ್ಕಿದಳು. "ಮಳೆ ಹಿಡುಕೆ ಮುಂಚೆ ದರ ವರ್ಷ ಬತ್ತದೆ ಇದು. ಈ ಸಲ ಬೇಗ ಬಂತು, ರಾಶಿ ಬಂತು. ಬಲೆ ಎಲ್ಲ ಹಾಳು" ಎಂದಳು. ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅವಳು ಎಣ್ಣೆ ಕೈಯಿಂದಲೇ ಕಡಲಿನ ಕಡೆ ತೋರಿಸಿ, "ಆಚೆ ಬಾವಿ ತೋಡಿ ಎಣ್ಣೆ ತೆಗಿತ್ರಲ್ಲ, ಅಲ್ಲಿಂದ ಅಂತ್ರು. ಹಡಗಿನವ್ರೂ ಬಿಡ್ತ್ರು ಅಂತ್ರು. ನಮಗೆಂತ ಗೊತ್ತು?" ಎಂದಳು. ನನ್ನ ತಮ್ಮ ಅಲ್ಲೇ ಇದ್ದಾನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಿನ್ನ ವಿಷಯದಲ್ಲಿ ಹಾಗಾದದ್ದು ಅದೇ ಮೊದಲು.

ಸ್ವಲ್ಪ ದೂರದಲ್ಲಿ ಒಂದು ಆಮೆ ಬಿದ್ದಿತ್ತು. ಜೀವವಿತ್ತು. ಬಾಯಿ ಅಂಟಿಕೊಂಡು ತೆರೆಯಲಾಗುತ್ತಿರಲಿಲ್ಲ. ಉಳಿದ ಎಣ್ಣೆಯಲ್ಲಿ ಸೆರಗು ಅದ್ದಿ ನಾನೂ ಆ ಹೆಂಗಸೂ ಒರೆಸಿದೆವು. ಅದು ನನ್ನನ್ನು ನೋಡುತ್ತಲೇ ಇತ್ತು. ಬದುಕಿತೋ ಇಲ್ಲವೋ ಗೊತ್ತಿಲ್ಲ, ನಮ್ಮ ಬಸ್ಸು ಹೊರಟುಬಿಟ್ಟಿತು. ಹೊಸದುರ್ಗದಲ್ಲಿ ಇಳಿದು, ಸಿಕ್ಕ ಪಾರ್ಲರಿಗೆ ಹೋಗಿ ಕೂದಲು ಕತ್ತರಿಸಿಕೊಂಡೆ.

ಮಣಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದ್ದೆ. ನೀನು ಬರೆಯಲಿಲ್ಲ. ಹವಳದ ವಿಷಯವನ್ನೂ ಈಗ ಓದಿ ತಿಳಿದುಕೊಂಡೆ. ಅದು ಬೆಳ್ಳಗಾಗುವುದು ಹೂ ಬಿಟ್ಟಿದ್ದಕ್ಕಲ್ಲವಂತೆ, ಜೀವ ಕುಂದಿದ್ದಕ್ಕಂತೆ.

ನಿನಗೆ ಮೊದಲೇ ಗೊತ್ತಿತ್ತಾ? ಅದೊಂದು ಹೇಳು.

ಚಂದ್ರಕ್ಕ

•

ಮುಂಬೈ
2 ಆಗಸ್ಟ್ 2024

ಅಕ್ಕ,

ಗೊತ್ತಿತ್ತು.

ಆ ಮಣಿಗಳನ್ನು ಕೈಯಲ್ಲಿ ಮುಟ್ಟಿದೆ. ಕೈಗವಸಿಗೆ ಎಣ್ಣೆ ಮೆತ್ತಿ ಜಾರಿತು. ಮೇಲೆ ಹಡಗಿನಲ್ಲಿದ್ದ ಉಸ್ತುವಾರಿ ಸಾಹೇಬರಿಗೆ ಅಲ್ಲಿಂದಲೇ ಹೇಳಿದೆ, ಕೊಳವೆ ಸೋರುತ್ತಿದೆ ಎಂದು. ನನ್ನ ಬಾತುಕೋಳಿ ದನಿಗೆ ಮೇಲೆ ಯಾರೋ ನಕ್ಕದ್ದು ಕೇಳಿಸಿತು. ಎರಡನೇ ಸಲ ಹೇಳಿದೆ. ಸಾಹೇಬರು, "ಅದು ತಳದಿಂದ ತಾನಾಗಿ ಬರುವ ಗ್ಯಾಸು. ಸೋರಿಕೆ ಎಂದು ಬರೆದರೆ ಕೊಳವೆ ಮುಚ್ಚಬೇಕಾಗುತ್ತದೆ. ಮಳೆಗಾಲ ಮುಗಿಯಲಿ, ನೋಡೋಣ" ಎಂದರು. ಅವರೇನೂ ಕೆಟ್ಟವರಲ್ಲ, ನಮ್ಮ ಪ್ರಾಣವನ್ನು ಎಷ್ಟೋ ಸಲ ಕಾದವರು. ನಾನು ಸುಮ್ಮನಾದೆ. ದತ್ತಾರಾಮನೂ ಸುಮ್ಮನಾದ. ಅವನು ಊಟ ಬಿಟ್ಟದ್ದು ಅದಕ್ಕೆ. ಅವರ ಊರಿನವರೆಲ್ಲ ಮೀನು ಹಿಡಿಯುವವರು.

ನಾನು ಊಟ ಮಾಡಿದೆ, ನಿನಗೆ ಕಾಗದವನ್ನೂ ಬರೆದೆ. ನೀನು ಬಣ್ಣ ಕೇಳಿದ್ದೆ. ಹೆದರಿಕೆಯನ್ನು ಚೆಂದ ಮಾಡಿ ಬರೆದರೆ ಅದು ಸ್ವಲ್ಪ ಕಡಿಮೆಯಾಗುತ್ತದೆ ಎಂದು ಅವತ್ತು ಗೊತ್ತಾಯಿತು. ಅದು ಅಭ್ಯಾಸವಾಗಿಬಿಡುತ್ತದೆ, ಅಕ್ಕ.

ನಿನ್ನ ಮೈಗೆ ಮೆತ್ತಿದ್ದು ನಾನು ಕಂಡ ಸೋರಿಕೆಯದೇ ಎಂದು ಹೇಳಲಾರೆ. ಕಡಲಿನಲ್ಲಿ ಹಡಗುಗಳೂ ಕೊಳಕು ಎಣ್ಣೆ ಚೆಲ್ಲುತ್ತವೆ. ಆದರೆ ಅಲ್ಲ ಎಂದೂ ಹೇಳಲಾರೆ. ಹವಳ ಬಿಳಿಚಿಕೊಂಡದ್ದು ಎಣ್ಣೆ ತಾಗಿ ಅಲ್ಲ, ನೀರು ಕಾದು. ನಾವು ಮೇಲೆತ್ತಿದ ಎಣ್ಣೆ ಎಲ್ಲೆಲ್ಲೋ ಉರಿಯುತ್ತದೆ, ಹಿರಿಯೂರಿನ ಹೈವೇಯಲ್ಲಿ ಇಡೀ ದಿನ ಓಡುವ ಲಾರಿಗಳಲ್ಲಿ ಕೂಡ. ಆ ಹೊಗೆ ಭೂಮಿಗೆ ಕಂಬಳಿ ಹೊದಿಸಿದಂತೆ ಮೇಲೆಯೇ ನಿಂತುಬಿಡುತ್ತದೆ. ಕೆಳಗಿನ ಬಿಸಿಯನ್ನು ಬಹುಪಾಲು ನುಂಗುವುದು ಕಡಲು. ಕಾದ ಕಡಲು ಒಂದು ಸಲ ಮೋಡವನ್ನು ತಡೆಯುತ್ತದೆ, ಇನ್ನೊಂದು ಸಲ ಹಿಡಿಸಲಾರದಷ್ಟು ಕಳಿಸುತ್ತದೆ. ಕಡಲಿಗೆ ಏನನ್ನಾದರೂ ನುಂಗುವ ಶಕ್ತಿ ಇದೆ ಎಂದುಕೊಂಡಿದ್ದೆ. ನುಂಗಿ ನುಂಗಿ ಬೆಳ್ಳಗಾದದ್ದನ್ನು ನೋಡಿದ ಮೇಲೂ ನಿನಗೆ ಬೆಳದಿಂಗಳು ಎಂದು ಬರೆದೆ.

ತರಬೇತಿ ಎಂದದ್ದು ಸುಳ್ಳು. ಕರಾವಳಿಯವರು ದೂರು ಕೊಟ್ಟು ಇಲ್ಲೊಂದು ವಿಚಾರಣೆ ಶುರುವಾಗಿದೆ. ನಮ್ಮ ಗುತ್ತಿಗೆದಾರರು, ಏನೂ ಕಂಡಿಲ್ಲ ಎಂದು ಹೇಳಿ ಎಂದಿದ್ದಾರೆ. ಎರಡು ತಿಂಗಳಿನಿಂದ ಹೋಗಲೋ ಬೇಡವೋ ಎಂದು ಇದೇ ಕೋಣೆಯಲ್ಲಿ ಕೂತಿದ್ದೆ. ಮೊದಮೊದಲು ನಿನ್ನ ಮೌನ ನನ್ನ ಮೇಲಿನ ಕೋಪವೆಂದು ತಿಳಿದು ಒಳಗೊಳಗೇ ಹಗುರವಾಗಿದ್ದೆ, ಇನ್ನೇನೂ ಹೇಳಬೇಕಾಗಿಲ್ಲವಲ್ಲ ಎಂದು.

ಹೋಗುತ್ತೇನೆ. ಕೂದಲು ಬೆಳೆಸು.

ಓಬಳೇಶ

•

ಮುಂಬೈ
30 ಸೆಪ್ಟೆಂಬರ್ 2024

ಅಕ್ಕ,

ಹೇಳಿ ಬಂದೆ.

ಉದ್ದನೆಯ ಮೇಜು, ಆಚೆ ಐದಾರು ಅಧಿಕಾರಿಗಳು. ಎಸಿ ಎಷ್ಟು ಜೋರಾಗಿತ್ತೆಂದರೆ ಮತ್ತೆ ತಳಕ್ಕಿಳಿದಂತಾಯಿತು. ಕಂಪನಿಯ ವಕೀಲರು ಕೇಳಿದರು, "ಆ ಕತ್ತಲಿನಲ್ಲಿ ಗ್ಯಾಸೋ ಎಣ್ಣೆಯೋ ನಿನಗೆ ಹೇಗೆ ಗೊತ್ತು?" ನಾನು ಹಿಂದಿಯಲ್ಲಿ ಶುರುಮಾಡಿದವನು, ಯಾವಾಗ ಕನ್ನಡಕ್ಕೆ ಬಂದೆನೋ ನೆನಪಿಲ್ಲ. "ಮುಟ್ಟಿ ನೋಡೀನಿ ಸ್ವಾಮಿ. ಗ್ಯಾಸು ಕೈಗೆ ಅಂಟಂಗಿಲ್ಲ" ಎಂದುಬಿಟ್ಟೆ. ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹಿಂದಿಯಲ್ಲಿ ಹೇಳಿದೆ. ತಲೆಯ ಕ್ಯಾಮೆರಾದಲ್ಲಿ ಚಿತ್ರ ಇರಬೇಕಲ್ಲ ಎಂದರು. ಅದು ಉಳಿದಿಲ್ಲ ಎಂದು ಗುತ್ತಿಗೆದಾರರು ಹೇಳಿದರು. ಹಾಗಾದರೆ ಬರೀ ನಿನ್ನ ಮಾತು ತಾನೇ ಎಂದರು ವಕೀಲರು. ಹೌದು, ಬರೀ ನನ್ನ ಮಾತು ಎಂದೆ.

ಆಗ ಹಿಂದಿನ ಬಾಗಿಲು ತೆರೆದು ದತ್ತಾರಾಮ ಬಂದ. ಹೆಂಡತಿ ಮಕ್ಕಳಿದ್ದಾರೆ, ನನ್ನನ್ನು ಕರೆಯಬೇಡ ಎಂದು ಹಿಂದಿನ ದಿನ ನನ್ನ ಕೈ ಹಿಡಿದುಕೊಂಡವನು. ಯಾರೂ ಕೂರು ಎನ್ನುವ ಮೊದಲೇ ನನ್ನ ಪಕ್ಕದ ಕುರ್ಚಿ ಎಳೆದು ಕುಳಿತು, "ನಾನೂ ಮುಟ್ಟಿದ್ದೇನೆ" ಎಂದ. ಅಷ್ಟೇ. 

ಆ ಕೊಳವೆಯನ್ನು ಮುಚ್ಚಿಸಿ ಪರೀಕ್ಷೆ ಮಾಡಿಸಲು ಆದೇಶವಾಗಿದೆ. ಗುತ್ತಿಗೆದಾರರು ನಮ್ಮಿಬ್ಬರಿಗೂ ಈ ವರ್ಷ ಕೆಲಸವಿಲ್ಲ ಎಂದರು. ವಿಚಾರಣೆಯವರಲ್ಲೊಬ್ಬರು ಹೊರಗೆ ಸಿಕ್ಕಿ, ಡಿಸೆಂಬರಿನಲ್ಲಿ ಪರೀಕ್ಷೆಗೆ ಬೇರೆ ಹಡಗು ಹೋಗುತ್ತದೆ, ಜಾಗ ಗೊತ್ತಿರುವವರು ಬೇಕು, ಬರುತ್ತೀರಾ ಎಂದು ಕೇಳಿದರು. ದತ್ತಾರಾಮ ಹೂಂ ಎಂದ. ನಾನು ಆಗುವುದಿಲ್ಲ ಎಂದೆ.

ಸಾಕಾಗಿದೆ. ಊರಿಗೆ ಬಂದುಬಿಡುತ್ತೇನೆ. ಹಿನ್ನೀರಿನಲ್ಲಿ ಮೀನುಗಾರರ ಸಂಘ ಸೇರಿ ಒಂದು ದೋಣಿ ಹಾಕುತ್ತೇನೆ. ನೀರು ಎಷ್ಟು ಬೇಕೋ ಅಷ್ಟೇ ಆಳ, ದನಿ ಮನುಷ್ಯರದು. ಖುಷಿಯಾ?

ಓಬಳೇಶ

•

ಮಾರಿಕಣಿವೆ
24 ಅಕ್ಟೋಬರ್ 2024

ನನ್ನ ತಮ್ಮ,

ಖುಷಿಯಾ ಎಂದು ಕೇಳಿದ್ದೀಯ. ಕಾಗದ ಓದಿ ಅಡುಗೆಮನೆಯಲ್ಲಿ ನಿಂತು ಒಬ್ಬಳೇ ನಕ್ಕೆ. ಅತ್ತೆ ಕೇಳಿ, "ಬರ್ಲಿ ಬರ್ಲಿ, ಒಂದ್ ಹೆಣ್ಣೂ ನೋಡಿಟ್ಟೀನಿ" ಎಂದರು.

ಇಲ್ಲಿ ಮಳೆ ನಿಲ್ಲುತ್ತಿಲ್ಲ. ಏಪ್ರಿಲಿನಲ್ಲಿ ಒಲೆಯಾಗಿದ್ದ ಆಕಾಶ ಈಗ ತೂತಾಗಿದೆ. ಅಣೆಕಟ್ಟು ತುಂಬುತ್ತಿದೆ ಎಂದು ಚಿತ್ರದುರ್ಗ, ಹೊಳಲ್ಕೆರೆ ಕಡೆಯಿಂದ ಜನ ಬೈಕಿನಲ್ಲಿ ಬಂದು ಫೋಟೋ ತೆಗೆದುಕೊಳ್ಳುತ್ತಾರೆ. ಅದೇ ಮಳೆಗೆ ಕಿತ್ತುಹಾಕಿದ್ದ ಈರುಳ್ಳಿ ಹೊಲದಲ್ಲೇ ಕೊಳೆತಿದೆ. ಊರೆಲ್ಲ ಅದರದೇ ವಾಸನೆ. ಒಂದೇ ಮನೆಯಲ್ಲಿ ಒಬ್ಬರು ನೀರು ನೋಡಿ ಕೈಮುಗಿಯುತ್ತಾರೆ, ಇನ್ನೊಬ್ಬರು ಬೈಯುತ್ತಾರೆ. ಹಿಡಿಸಲಾರದ ಮೋಡ ಎಂದು ನೀನು ಬರೆದದ್ದು ನನಗೆ ಈಗ ಕಣ್ಣಿಗೆ ಕಾಣುತ್ತಿದೆ.

ಮೂರು ದಿನ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ದೀಪಾವಳಿಗೆ ಬಾ. ಕೋಳಿ ಸಾರು, ಮುದ್ದೆ ಮಾಡುತ್ತೇನೆ. ಅತ್ತೆ ನೋಡಿರುವ ಹುಡುಗಿಯನ್ನೂ ನೋಡು. ಆದರೆ ಡಿಸೆಂಬರಿಗೆ ಹೋಗು.

ನೀನು ಬೇಕು ನನಗೆ. ಅದನ್ನು ಮುಚ್ಚಿಟ್ಟು ಬರೆಯುತ್ತಿಲ್ಲ. ಆದರೆ ಕಂಡದ್ದನ್ನು ಹೇಳುವವರೆಲ್ಲ ದಡ ಹತ್ತಿಬಿಟ್ಟರೆ, ಅಲ್ಲಿಗೆ ಇನ್ನು ಇಳಿಯುವವರು ಯಾರು? ಹೇಳದೆ ಇರುವವರು ತಾನೇ? ನನಗೆ ಇಳಿಯಲು ಬಿಟ್ಟಿದ್ದರೆ ನಾನೇ ಇಳಿಯುತ್ತಿದ್ದೆ. ನನ್ನ ಪಾಲಿನದನ್ನೂ ನೀನೇ ನೋಡಬೇಕು.

ಕಾಗದ ಮಾತ್ರ ಬರೆ. ಮಕ್ಕಳಿಗೆ ನಾನು ಹೇಳಿಕೊಳ್ಳುತ್ತೇನೆ, ಅದು ನನ್ನ ಕೆಲಸ. ನೀನು ಅಲಂಕಾರ ಮಾಡಬೇಡ. ಕಂಡದ್ದು ಬರೆ.

ಅಕ್ಕ

•

ಹಡಗಿನಿಂದ
18 ಜನವರಿ 2025

ಅಕ್ಕ,

ಕಂಡದ್ದು ಬರೆಯುತ್ತೇನೆ.

ಪರೀಕ್ಷೆಯ ಹಡಗಿನಿಂದ ನಿನ್ನೆ ನಾನೂ ದತ್ತಾರಾಮನೂ ಆ ಸೋರುವ ಕೊಳವೆಯ ಹತ್ತಿರ ಇಳಿದೆವು. ಬಿರುಕು ಚಿಕ್ಕದು, ಕಿರುಬೆರಳಿನ ಉಗುರು ಹೋಗುವಷ್ಟು. ಇಷ್ಟು ಸಣ್ಣ ಬಾಯಿಯಿಂದ ಅಷ್ಟು ಬಂದಿತ್ತು. ಅದಕ್ಕೆ ಉಕ್ಕಿನ ಪಟ್ಟಿ ಹಾಕಿ ಬಿಗಿದೆವು. ಸುತ್ತಲಿನ ಮರಳು ಕಪ್ಪಾಗಿದೆ. ಅಗೆದರೂ ಕಪ್ಪು. ಕೈಯಾಡಿಸಿದರೆ ಹೊಗೆಯಂತೆ ಏಳುತ್ತದೆ. ಹುಳು, ಏಡಿ, ಮೀನು, ಯಾವುದೂ ಕಾಣಲಿಲ್ಲ. ಬಾವಿ ಕೊರೆದಾಗ ತೆಗೆದ ಕೆಸರಿನ ಗುಡ್ಡೆಯೂ ಅಲ್ಲೇ ಇದೆ. ಅದರ ಬಗ್ಗೆ ಯಾರೂ ಕೇಳಿರಲಿಲ್ಲ, ನಾವೇ ಬರೆದುಕೊಟ್ಟೆವು.

ಈ ಸಲ ಉಕ್ಕಿನ ಕೋಣೆ ಸೇರುವ ಮೊದಲು ಆ ದಿಬ್ಬದ ಮೇಲೂ ಇಳಿದಿದ್ದೆ. ಹೆಚ್ಚಿನ ಹವಳ ಸತ್ತಿದೆ, ಮೇಲೆ ಪಾಚಿ ಬೆಳೆದಿದೆ. ಒಂದು ಕೊನೆಯಲ್ಲಿ ಅಂಗೈಯಗಲ ಕಂದು ಬಣ್ಣವಿತ್ತು. ಜೀವ ಬಂದಿದೆಯೋ, ಅದೂ ಪಾಚಿಯೋ ತಿಳಿಯಲಿಲ್ಲ. ಹಡಗಿನ ಮೇಲಿದ್ದ ಅಧಿಕಾರಿ ಕೇಳಿದರು, "ಚೇತರಿಸಿಕೊಳ್ಳುತ್ತಿದೆ ಎಂದು ಬರೆಯೋಣವೇ?" ಗೊತ್ತಾಗಲಿಲ್ಲ ಎಂದು ಬರೆಯಿರಿ ಎಂದೆ. ಹಾಗೆಯೇ ಬರೆದರು.

ಅಣೆಕಟ್ಟು ತುಂಬಿ ಕೋಡಿ ಬಿದ್ದಿದೆ ಎಂದು ಭಾವನವರು ಹೇಳಿ ಕಳಿಸಿದ್ದರು. ಸಂತೋಷ, ಹುಷಾರು.

ಪಶ್ಚಿಮಕ್ಕೆ ಇನ್ನೊಂದು ಕೊಳವೆ ಇದೆ. ಬಹಳ ಹಳೆಯದು. ಎಷ್ಟೋ ವರ್ಷದಿಂದ ಅದನ್ನು ಯಾರೂ ಮುಟ್ಟಿ ನೋಡಿಲ್ಲವಂತೆ. ಗೂಡು ಸಿದ್ಧವಾಗಿದೆ, ದತ್ತಾರಾಮ ಕರೆಯುತ್ತಿದ್ದಾನೆ. ಹೋಗಿ ನೋಡಿ ಬರುತ್ತೇನೆ.

ಓಬಳೇಶ